ಭಾವ ಹಾಕಿದ ಪೈಪು, ನಾನು ಕೊಟ್ಟ ಕರೆಂಟು

ನನ್ನ ಅಕ್ಕ ಬಸೀಮಾ ತೀರಿಕೊಂಡದ್ದು ಒಂದು ಶುಕ್ರವಾರ ಮಧ್ಯಾಹ್ನ, ತನ್ನ ಸ್ವಂತ ಮನೆಯ ಅಂಗಳದಲ್ಲಿ, ನಲ್ಲಿಯ ಪಕ್ಕ. ಆ ಮನೆಯ ಒಂದೊಂದು ತಂತಿಯನ್ನೂ ಒಂದೊಂದು ಪೈಪನ್ನೂ ಅವಳ ಗಂಡ ಲಫ್ತಾ ತನ್ನ ಕೈಯಾರೆ ಹಾಕಿದ್ದ. ಇಷ್ಟು ತಿಳಿದರೆ ಊರಿಗೆ ಸಾಕು, ಉಳಿದ ಕಥೆಯನ್ನು ಅದೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಿತು ಕೂಡ. ಅವಳು ಸತ್ತ ಏಳನೆಯ ದಿನ ನಮ್ಮ ಕುಲದ ಹಿರಿಯರು ಲಫ್ತಾನನ್ನು ಮಜ್ಲಿಸಿನಲ್ಲಿ, ಅಂದರೆ ಪಂಚಾಯಿತಿ ಸೇರುವ ಹಜಾರದಲ್ಲಿ, ಕೂರಿಸಿ, ಅವನ ಇಬ್ಬರು ಹೆಣ್ಣುಮಕ್ಕಳನ್ನು ಅವನಿಂದ ಬಿಡಿಸಿಕೊಂಡು ಅವನನ್ನು ಊರು ಬಿಡಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಸೇರಿದರು. ಅಲ್ಲಿ ಸಾಕ್ಷಿ ಹೇಳಬೇಕಾಗಿದ್ದವನು ನಾನು. ಹೆಸರು ದಾಖಿಲ್, ಕೆಲಸ ಲೈನ್‌ಮನ್. ಇರಾಕಿನ ಸಮಾವಾ ಊರಿನ ನಮ್ಮ ಬಡಾವಣೆಯಲ್ಲಿ ಕಂಬ ಹತ್ತಿ ಇಳಿದು ಇಪ್ಪತ್ತೆರಡು ವರ್ಷವಾಯಿತು. ಕರೆಂಟಿನ ವಿಷಯಕ್ಕೆ ಇಲ್ಲಿ ನನ್ನದೇ ಕೊನೆಯ ಮಾತು.

ಸಾಕ್ಷಿಯ ಮಾತು ಆಮೇಲೆ. ಮೊದಲು ಲಫ್ತಾ ಎಂಥ ಮನುಷ್ಯ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಊರಿನವರ ಹಾಗೆ ಆತುರ ಪಡುತ್ತೀರಿ.

ಲಫ್ತಾನದು ಸಂತೆಬೀದಿಯ ಹಿಂದೆ ಒಂದು ಗೂಡಂಗಡಿ, ಸೀಮೆಎಣ್ಣೆ ಸ್ಟೌ ರಿಪೇರಿ. ಇರಾಕಿಗೆಲ್ಲ ದಿಗ್ಬಂಧನ ಬಿದ್ದು ಹೊರಗಿನಿಂದ ಒಂದು ಸೂಜಿ ಬರುವುದೂ ಕಷ್ಟವಾಗಿದ್ದ ಹದಿಮೂರು ವರ್ಷ ಇತ್ತಲ್ಲ, ಅವನು ಗಂಡಸಾದದ್ದು ಅದೇ ವರ್ಷಗಳಲ್ಲಿ. ಆ ಕಾಲದಲ್ಲಿ ಬೆಳೆದವರಿಗೆ ಒಂದು ರೋಗವಿದೆ. ಏನನ್ನೂ ಬಿಸಾಡಲಾರರು, ಯಾರ ಕೈಗೂ ಕೆಲಸ ಕೊಡಲಾರರು. ಲಫ್ತಾನಿಗೆ ಅದು ಸ್ವಲ್ಪ ಹೆಚ್ಚೇ ಅಂಟಿತ್ತು. ಸುಟ್ಟ ಮೋಟರ್ ಸಿಕ್ಕಿದರೆ ತಾಮ್ರದ ತಂತಿಯನ್ನು ಸುತ್ತು ಸುತ್ತಾಗಿ ಬಿಚ್ಚಿ ಉಂಡೆ ಕಟ್ಟಿ ಇಡುತ್ತಿದ್ದ. ಬಗ್ಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತಿದ್ದ. ತನ್ನ ಮದುವೆಯ ದಿನ ಬಾಡಿಗೆ ಕಾರು ನಡುದಾರಿಯಲ್ಲಿ ನಿಂತಾಗ, ಮದುಮಗ ಹೊಸ ಕೋಟಿನ ತೋಳು ಮಡಚಿ ಬಾನೆಟ್ಟಿನೊಳಗೆ ತಲೆ ಹಾಕಿದ. ಅಕ್ಕ ಒಳಗೆ ಬಿಳಿ ಬಟ್ಟೆಯಲ್ಲಿ ಬೆವರುತ್ತ ಕೂತಿದ್ದಳು. ಕಾರು ಹೊರಟಿತು, ಅದು ಬೇರೆ ಮಾತು. ಕೋಟು ಮಾತ್ರ ಉಳಿಯಲಿಲ್ಲ.

ಮದುವೆಯಾದ ಮೇಲೆ ಹನ್ನೊಂದು ವರ್ಷ ಅಕ್ಕ ಲಫ್ತಾನ ಅಣ್ಣನ ಮನೆಯಲ್ಲಿ ಒಂದೇ ಕೋಣೆಯಲ್ಲಿ ಬಾಳಿದಳು. ನಾಲ್ಕು ಜನ ಸೊಸೆಯರು, ಹದಿನೇಳು ಜನ ಮನೆಮಂದಿ, ಎಲ್ಲರಿಗೂ ಅಂಗಳದಲ್ಲಿ ಒಂದೇ ನಲ್ಲಿ. ಬೆಳಗಿನ ನಮಾಜಿಗೆ ಕೈಕಾಲು ತೊಳೆಯಲೂ ಸರದಿ, ಅಕ್ಕಿ ತೊಳೆಯಲೂ ಸರದಿ. ದೊಡ್ಡ ಓರಗಿತ್ತಿ ಬಂದರೆ ಸರದಿಯೂ ಇಲ್ಲ, ಬಕೆಟ್ ಎತ್ತಿಕೊಂಡು ಪಕ್ಕಕ್ಕೆ ನಿಲ್ಲಬೇಕು. ಅಕ್ಕ ಬಾಯಿ ಬಿಟ್ಟು ಬೇಡುವವಳಲ್ಲ. ಒಮ್ಮೆ ಮಾತ್ರ, ನಾನು ಕೂತಿದ್ದಾಗಲೇ, ಗಂಡನಿಗೆ ಹೇಳಿದಳು, ಚಿನ್ನ ಬೇಡ, ಸೋಫಾ ಬೇಡ, ನನ್ನದೇ ಅಂತ ಒಂದು ನಲ್ಲಿ ಹಾಕಿಸಿಕೊಡು ಎಂದು. ಎರಡು ವರ್ಷದ ಮೇಲೆ ಲಫ್ತಾ ಖರ್ಜೂರದ ತೋಟ ಕಡಿದು ಹಂಚಿದ ಜಾಗದಲ್ಲಿ ಒಂದು ತುಂಡು ಹಿಡಿದುಕೊಂಡು ಪಾಯ ತೋಡಿಸಿದ.

ಗೋಡೆಗೂ ಸೂರಿಗೂ ಮೇಸ್ತ್ರಿ ಬಂದ. ಅಷ್ಟಕ್ಕೇ ಲಫ್ತಾನಿಗೆ ಹೊಟ್ಟೆ ಉರಿ. ತಂತಿ, ಪೈಪು ಮಾತ್ರ ಬೇರೆಯವರು ಮುಟ್ಟಕೂಡದು ಎಂದ. ನಾನು ಹೋಗಿ ಕೇಳಿಕೊಂಡೆ. ನನಗೆ ಏನೂ ಕೊಡಬೇಕಾಗಿಲ್ಲ, ಅಕ್ಕನ ಮನೆ, ನಾನು ಮಾಡಿಕೊಡುತ್ತೇನೆ, ನೀನು ಪಕ್ಕದಲ್ಲಿ ನಿಂತು ನೋಡು ಎಂದೆ.

"ಭಾವ, ಗೋಡೆ ಸೀಳಿದ್ರೆ ಕಣ್ಣಿಗೆ ಕಾಣುತ್ತೆ. ಕರೆಂಟ್ ಕಾಣಲ್ಲ," ಎಂದೆ.

"ನೀವು ಕೊಡೋ ಕರೆಂಟ್ ಈ ಊರಲ್ಲಿ ಯಾರಿಗೆ ಕಂಡಿದೆ ಹೇಳು," ಎಂದ. ಸಿಮೆಂಟ್ ಕಲಸುತ್ತಿದ್ದವರೆಲ್ಲ ನಕ್ಕರು. ನಾನು ಮೋರೆ ಸಣ್ಣದು ಮಾಡಿಕೊಂಡು ವಾಪಸು ಬಂದೆ.

ಆದರೆ ಅವನು ಕಲಿತ ರೀತಿ ನೋಡಿದರೆ ನನ್ನ ಕಸುಬಿನವರು ನಾಚಬೇಕು. ಎಲ್ಲಿ ಮನೆ ಕಟ್ಟುತ್ತಿದ್ದರೂ ಅಂಗಡಿ ಮುಚ್ಚಿ ಹೋಗಿ ನಿಲ್ಲುತ್ತಿದ್ದ. ವೈರಿಂಗ್ ಮಾಡುವವನಿಗೆ ಚಹಾ ತಂದುಕೊಡುತ್ತಿದ್ದ, ಏಣಿ ಹಿಡಿಯುತ್ತಿದ್ದ, ಆಮೇಲೆ ಸಿಮೆಂಟ್ ಚೀಲದ ಕಾಗದ ಹರಿದು ನೋಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಎರಡು ವರ್ಷ ಅವನ ಶುಕ್ರವಾರಗಳೆಲ್ಲ ಗೋಡೆ ಕೊರೆಯುವುದರಲ್ಲೇ ಕಳೆದವು. ತಪ್ಪುಗಳು ಆಗಲಿಲ್ಲ ಎಂದಲ್ಲ. ಅಡುಗೆಮನೆಯ ದೀಪದ ಸ್ವಿಚ್ಚು ಮಲಗುವ ಕೋಣೆಗೆ ಬಂದುಬಿಟ್ಟಿತು. ಗೋಡೆ ಒಡೆದು ಸರಿ ಮಾಡುತ್ತೇನೆಂದು ಹೊರಟವನನ್ನು ಅಕ್ಕನೇ ತಡೆದಳು, ಅಡುಗೆ ಮುಗಿಯಿತು ಎಂದು ಹಾಸಿಗೆಯಿಂದಲೇ ಸಾರಬಹುದಲ್ಲ ಎಂದಳು. ಪೈಪಿಗೆ ಮೊದಲ ಸಲ ನೀರು ಬಿಟ್ಟ ದಿನ ಬಚ್ಚಲಿಗೆ ಬರಬೇಕಾದ ನೀರು ನಡುಮನೆಯ ಗೋಡೆಯಿಂದ ಚಿಮ್ಮಿತು. ಲಫ್ತಾ ಎಲ್ಲವನ್ನೂ ಬಿಚ್ಚಿ, ಒಂದೊಂದು ಜೋಡಣೆಗೂ ಸೆಣಬು ಸುತ್ತಿ ಬಣ್ಣ ಬಳಿದು ಮತ್ತೆ ಬಿಗಿದ. ಆಮೇಲೆ ಒಂದು ಹನಿ ಸೋರಲಿಲ್ಲ.

ಮನೆ ಹೊಕ್ಕ ವಾರ ಅಕ್ಕ ನನ್ನನ್ನು ಕರೆದಳು. ಅವನು ಕೇಳಲಾರ, ನೀನೇ ಬಂದು ಒಮ್ಮೆ ನೋಡಿಬಿಡು ಎಂದಳು. ನಾನು ಹೋದದ್ದು ತಪ್ಪು ಹಿಡಿಯಲಿಕ್ಕೇ, ಸುಳ್ಳು ಏಕೆ ಹೇಳಲಿ. ಬೋರ್ಡು ಬಿಚ್ಚಿದೆ, ಸ್ವಿಚ್ಚುಗಳನ್ನು ಬಿಚ್ಚಿದೆ. ಎಲ್ಲ ತಂತಿಗಳೂ ಬಾಚಿದ ತಲೆಗೂದಲಿನ ಹಾಗೆ ಕೂತಿದ್ದವು. ಕೊನೆಗೆ ಕೂಲರ್ ಒಂದು ಉಳಿಯಿತು.

ನಮ್ಮಲ್ಲಿ ಕೂಲರ್ ಎಂದರೆ ಕಿಟಕಿಗೆ ಕೂರಿಸಿದ ತಗಡಿನ ಪೆಟ್ಟಿಗೆ. ಒಳಗೆ ಒದ್ದೆ ಹುಲ್ಲು, ನೀರು, ಮೋಟರು. ನೀರೂ ಕರೆಂಟೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡಿದರೆ ಸುಮ್ಮನಿರುತ್ತವೆಯೇ, ತಗಡು ಮುಟ್ಟಿದವರನ್ನು ಕಚ್ಚುತ್ತದೆ. ಊರಲ್ಲಿ ಕಚ್ಚದ ಕೂಲರ್ ಇಲ್ಲ. ಅದಕ್ಕೆ ಊರಿಗೆಲ್ಲ ಗೊತ್ತಿರುವ ಮದ್ದು ಒಂದೇ. ತಗಡಿಗೆ ಒಂದು ತಂತಿ ಬಿಗಿದು ಅದರ ಇನ್ನೊಂದು ತುದಿಯನ್ನು ನಲ್ಲಿಯ ಪೈಪಿಗೆ ಸುತ್ತುವುದು. ಕಬ್ಬಿಣದ ಪೈಪು ನೆಲದೊಳಗೆ ಹೋಗುತ್ತದೆ, ಸೋರಿದ ಕರೆಂಟು ಅದರ ಜೊತೆ ಮಣ್ಣಿಗೆ ಇಳಿಯುತ್ತದೆ. ನಮ್ಮಪ್ಪನ ಕಾಲದಿಂದ ಎಲ್ಲರೂ ಹೀಗೇ ಮಾಡಿದ್ದು, ಲಫ್ತಾನೂ ಹೀಗೇ ಮಾಡಿದ್ದ. ನಾನು ಪರೀಕ್ಷೆಯ ಬಲ್ಬು ತೆಗೆದು ಒಂದು ತುದಿ ಕರೆಂಟಿಗೆ, ಇನ್ನೊಂದು ತುದಿ ಪೈಪಿಗೆ ಹಿಡಿದೆ. ಬಲ್ಬು ಝಗ್ಗನೆ ಉರಿಯಿತು, ಅಂದರೆ ಪೈಪು ಮಣ್ಣನ್ನು ಚೆನ್ನಾಗಿ ಹಿಡಿದುಕೊಂಡಿದೆ. ತಪ್ಪು ಸಿಗಲಿಲ್ಲ. ನನಗೆ ನಿರಾಶೆಯೇ ಆಯಿತು. ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಜೇಬಿನಿಂದ ಪೆನ್ನು ತೆಗೆದು ಮೀಟರ್ ಹಲಗೆಯ ಮೇಲೆ "ದಾಖಿಲ್ ನೋಡಿದ್ದಾನೆ, ಎಲ್ಲ ಸರಿ" ಎಂದು ಬರೆದು ಸಹಿ ಹಾಕಿದೆ. ಲಫ್ತಾ ಅವತ್ತು ನನಗೆ ತನ್ನ ಕೈಯಿಂದ ಮೀನು ಬಿಡಿಸಿ ತಟ್ಟೆಗೆ ಹಾಕಿದ.

ಹೀಗೆ ಮೂರು ಬೇಸಿಗೆ ಕಳೆದವು. ಅಕ್ಕನಿಗೆ ಅಂಗಳದಲ್ಲಿ ಅವಳದೇ ನಲ್ಲಿ. ಅದರ ಬುಡಕ್ಕೆ ಪುದೀನ ಹಾಕಿದ್ದಳು. ನಮಾಜಿಗೆ ಮುಂಚೆ ಬಚ್ಚಲಿಗೆ ಹೋಗದೆ ಅಲ್ಲೇ ಕೂತು ಕೈಕಾಲು ತೊಳೆಯುತ್ತಿದ್ದಳು, ಯಾರೂ ಹಿಂದೆ ನಿಂತಿಲ್ಲ ಎನ್ನುವ ಸುಖಕ್ಕೇ ನಿಧಾನವಾಗಿ ತೊಳೆಯುತ್ತಿದ್ದಳು.

ಇನ್ನು ನನ್ನ ನಾಲಿಗೆಯ ಕಥೆ. ಈ ವರ್ಷದ ಈದಿಗೆ ಅಕ್ಕನ ಮನೆಯಲ್ಲಿ ನಮ್ಮ ಕಡೆಯವರೆಲ್ಲ ಸೇರಿದ್ದೆವು. ನಮ್ಮ ತಂದೆಯ ತಮ್ಮ ಹತ್ತಾಬ್ ಚಿಕ್ಕಪ್ಪ ನಡುವೆ ಕೂತಿದ್ದ. ನಮ್ಮ ಮನೆತನಕ್ಕೆ ಈಗ ಅವನೇ ಹಿರಿಯ. ಲಫ್ತಾನ ಮಗಳು ಜಿನಾನ್ ತಟ್ಟೆಯಲ್ಲಿ ಚಹಾ ಲೋಟಗಳನ್ನು ತಂದಳು. ಹಳೆಯ ಕಬ್ಬಿಣದ ಪೈಪು ನೋಡಿ, ನೀರಿನಲ್ಲಿ ತುಕ್ಕು ಇಳಿಯಲು ಶುರುವಾಗಿತ್ತು, ಚಹಾದಲ್ಲಿ ರುಚಿ ಗೊತ್ತಾಗುತ್ತಿತ್ತು. ಇದ್ದರೆ ಇರಲಿ ಎಂದು ಕುಡಿದುಬಿಡಬಹುದಿತ್ತು. ಐದು ವರ್ಷದ ಹಿಂದೆ ಸಿಮೆಂಟಿನವರ ಮುಂದೆ ಅವನು ಅಂದ ಮಾತು ನನ್ನ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

"ಭಾವ, ಚಹಾಪುಡಿ ಖರ್ಚು ಉಳಿಸ್ಬಿಟ್ಟೆ ನೋಡು. ನಿನ್ನ ಪೈಪೇ ಬಣ್ಣ ಕೊಡುತ್ತೆ," ಎಂದೆ. "ಇಡೀ ಬೀದಿ ಪ್ಲಾಸ್ಟಿಕ್ ಹಾಕ್ಸಿ ಆಯ್ತು. ನಿನ್ನದೊಂದು ಮನೆ ಇನ್ನೂ ತುಕ್ಕು ಕುಡೀತಿದೆ."

ಚಿಕ್ಕಪ್ಪ ಹೊಟ್ಟೆ ಕುಲುಕಿಸಿ ನಕ್ಕ. ಹುಡುಗಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಲಫ್ತಾ ತನ್ನ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ. ಕೈಕೆಲಸದವನಿಗೆ ಹೆಂಡತಿಯ ತವರಿನವರ ಮುಂದೆ ಅವನ ಕೆಲಸವನ್ನೇ ಹಳಿದರೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು, ಅದಕ್ಕೇ ಅಂದದ್ದು.

ಜುಲೈ ತಿಂಗಳಲ್ಲಿ ಅವರ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ನೆರಳಲ್ಲೇ ಐವತ್ತು ಡಿಗ್ರಿ ಸೆಕೆ. ಆರು ದಿನ ಸರ್ಕಾರದ ಕರೆಂಟ್ ಇಲ್ಲ. ಬೀದಿಯ ಜನರೇಟರಿನವನು ಕೊಡುವ ಕರೆಂಟಿಗೆ ಒಂದು ಫ್ಯಾನು, ಎರಡು ದೀಪ ನಡೆದರೆ ಹೆಚ್ಚು, ಕೂಲರ್ ಎಳೆಯುವ ತಾಕತ್ತು ಅದಕ್ಕಿಲ್ಲ. ಅಕ್ಕ ದಿನವೂ ಫೋನು ಮಾಡುತ್ತಿದ್ದಳು. ಹುಡುಗಿಯರು ನೆಲದ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು ಮಲಗುತ್ತಿದ್ದಾರೆ, ಏನಾದರೂ ಮಾಡಪ್ಪ ಎನ್ನುತ್ತಿದ್ದಳು. ನಾನು ಯಾರ್‍ಯಾರದೋ ಕಾಲು ಹಿಡಿದು, ಬೇರೆ ಬಡಾವಣೆಗೆ ಹೋಗಬೇಕಾಗಿದ್ದ ಟ್ರಾನ್ಸ್‌ಫಾರ್ಮರನ್ನು ಅವರ ಬೀದಿಗೆ ತಿರುಗಿಸಿದೆ. ಶುಕ್ರವಾರ ರಜೆ, ಆದರೂ ಕೆಲಸಕ್ಕೆ ನಿಂತೆ. ಮಧ್ಯಾಹ್ನದ ನಮಾಜಿನ ಕರೆಗೆ ಸ್ವಲ್ಪ ಮುಂಚೆ ನಾನೇ ಕಂಬದ ಮೇಲೆ ನಿಂತು ಫ್ಯೂಸ್ ಹಾಕಿದೆ. ಮನೆಮನೆಗಳಿಂದ ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿದರು. ಕೂಲರುಗಳು ಒಂದೊಂದಾಗಿ ಗುರ್ರೆನ್ನುವುದು ಕಂಬದ ಮೇಲೆ ನನಗೆ ಕೇಳಿಸಿತು. ಕೆಳಗಿಳಿದಾಗ ಯಾರೋ ನನ್ನ ಕೈಗೆ ತಣ್ಣನೆ ಮಜ್ಜಿಗೆ ಕೊಟ್ಟರು.

ಮಜ್ಜಿಗೆ ಇನ್ನೂ ಮುಗಿದಿರಲಿಲ್ಲ, ಜಿನಾನ್ ಚೀರಿದ್ದು ಕೇಳಿಸಿತು.

ನಾನು ಓಡಿಹೋಗುವಷ್ಟರಲ್ಲಿ ಲಫ್ತಾ ಮೇನ್ ಸ್ವಿಚ್ ಕೆಳಗೆ ಎಳೆದು ಅಕ್ಕನನ್ನು ನೆರಳಿಗೆ ಎತ್ತಿ ತಂದಿದ್ದ. ಮೊದಲು ಸ್ವಿಚ್ಚು, ಆಮೇಲೆ ಮನುಷ್ಯರು, ಸರಿಯಾಗಿಯೇ ಮಾಡಿದ್ದ. ಎದೆ ಒತ್ತಿದೆವು. ಅವನು ಒತ್ತಿದ, ನಾನು ಒತ್ತಿದೆ, ಮತ್ತೆ ಅವನು ಒತ್ತಿದ. ಅವಳ ತೋಳು ಮೊಣಕೈವರೆಗೆ ಒದ್ದೆ, ಕಾಲು ಬರಿಗಾಲು. ನಮಾಜಿಗೆ ಕೈಕಾಲು ತೊಳೆಯುತ್ತ ನಲ್ಲಿ ನಿಲ್ಲಿಸಲು ಕೈ ಇಟ್ಟಿದ್ದಳು. ನನ್ನ ತಲೆ ಒಪ್ಪಲೇ ಇಲ್ಲ. ಕೂಲರ್ ಇರುವುದು ಆ ಕಡೆಯ ಗೋಡೆಯಲ್ಲಿ, ಹತ್ತು ಹೆಜ್ಜೆ ದೂರ. ನಲ್ಲಿಯಲ್ಲಿ ಎಲ್ಲಿಂದ ಬಂತು ಕರೆಂಟು? ಈ ಮನೆಯನ್ನು ನಾನು ಬಿಚ್ಚಿ ನೋಡಿದ್ದೇನೆ, ಸಹಿ ಹಾಕಿದ್ದೇನೆ.

ಆಗ ಗೇಟಿನ ಹತ್ತಿರ ನನ್ನ ಕಣ್ಣು ಹೋಯಿತು. ಅಂಗಳದ ಉದ್ದಕ್ಕೂ ಹೊಸದಾಗಿ ಮುಚ್ಚಿದ ಕಾಲುವೆ. ಗೇಟಿನ ಬಳಿ ಒಂದು ಮೊಳದಷ್ಟು ಮಾತ್ರ ಇನ್ನೂ ಮುಚ್ಚಿರಲಿಲ್ಲ. ಅದರೊಳಗೆ ಬಿಳಿಯ, ಹೊಚ್ಚ ಹೊಸ ಪ್ಲಾಸ್ಟಿಕ್ ಪೈಪು.

ನನಗೆ ಅಲ್ಲೇ, ಅದೇ ಕ್ಷಣ, ಎಲ್ಲ ತಿಳಿದುಹೋಯಿತು. ಕರೆಂಟ್ ಇಲ್ಲದ ವಾರ, ನೀರಿನ ಪಂಪೂ ಓಡುವುದಿಲ್ಲ, ಪೈಪು ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ ಎಂದು ಅವನು ಬೀದಿಯಿಂದ ಮನೆಯವರೆಗಿನ ತುಕ್ಕು ಪೈಪನ್ನು ಕಿತ್ತು ಇದನ್ನು ಹಾಕಿದ್ದಾನೆ. ಮನೆಯೊಳಗಿನ ಪೈಪೂ ಗೋಡೆ ದಾಟಿ ಅಂಗಳದ ನಲ್ಲಿಗೆ ಬರುವ ಅದರ ತುಂಡೂ ಕಬ್ಬಿಣದ್ದೇ, ಕೂಲರಿನ ತಂತಿ ಅದಕ್ಕೇ ಸುತ್ತಿದೆ. ಆದರೆ ಕಬ್ಬಿಣ ಈಗ ಮಣ್ಣಿಗೆ ಹೋಗುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ದಾಟುವುದಿಲ್ಲ. ಕೂಲರಿನಲ್ಲಿ ಸೋರಿದ್ದೆಲ್ಲ ಎಲ್ಲಿಗೂ ಹೋಗಲಾರದೆ ನಲ್ಲಿಗಳಲ್ಲೇ ನಿಂತಿದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಾರಾದರೂ ಮುಟ್ಟಲಿ ಎಂದು. ಅವನ ತಂತಿಯಲ್ಲಿ ತಪ್ಪಿಲ್ಲ. ಪೈಪಿನಲ್ಲೂ ತಪ್ಪಿಲ್ಲ, ಅಷ್ಟು ನೀಟಾದ ಜೋಡಣೆ. ಎರಡನ್ನೂ ಒಂದೇ ಕೈ ಮಾಡಿದ್ದು, ಆದರೂ ಪೈಪು ಕೀಳುವಾಗ ಆ ಕೈಗೆ ತಂತಿಯ ನೆನಪಾಗಲಿಲ್ಲ. ಪೈಪು ಬದಲಿಸು ಎಂದು ನಾಲ್ಕು ಜನರ ಮುಂದೆ ಚುಚ್ಚಿದವನು ನಾನು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ನನಗೂ ನೆನಪಾಗಲಿಲ್ಲ.

ಆಗ ನಾನು ಮಾಡಿದ ಕೆಲಸ ಹೇಳುತ್ತೇನೆ. ಜನ ಗೇಟಿನಿಂದ ಒಳಗೆ ನುಗ್ಗುತ್ತಿದ್ದರು. ನಾನು ಅಲ್ಲಿಗೆ ಹೋಗಿ ನಿಂತು, ಕಾಲಿನಿಂದ ಮಣ್ಣು ನೂಕಿ, ಆ ಒಂದು ಮೊಳ ಬಿಳಿ ಪೈಪನ್ನು ಮುಚ್ಚಿದೆ. ನನ್ನ ಅಕ್ಕನ ಹೆಣ ಅಂಗಳದಲ್ಲಿತ್ತು.

ಮೂರು ದಿನ ಶೋಕದ ಡೇರೆ ಹಾಕಿದ್ದರು. ಜನ ಬಂದರು, ಹೋದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಕೈಚಳಕ ತೋರಿಸಲು ಹೋಗಿ ಹೆಂಡತಿಯನ್ನು ತಿಂದುಕೊಂಡ ಎಂದು. ನನ್ನ ಮುಂದೆಯೇ ಅನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ, ಅಕ್ಕನ ದುಃಖ ಎಂದುಕೊಳ್ಳುತ್ತಿದ್ದರು. ಹೌದು, ದುಃಖವೂ ಇತ್ತು. ಅದರ ಕೆಳಗೆ ಇನ್ನೊಂದು ಇತ್ತು, ಅದು ಹೆದರಿಕೆ. ಹಲಗೆಯ ಮೇಲಿನ ಸಹಿ, ಈದಿನ ದಿನದ ಮಾತು, ಕಂಬದ ಮೇಲಿನ ಫ್ಯೂಸು, ಮೂರನ್ನೂ ಯಾರಾದರೂ ಸೇರಿಸಿ ನೋಡಿದರೆ ಏನು ಗತಿ ಎನ್ನುವ ಹೆದರಿಕೆ. ಮತ್ತೆ ಮತ್ತೆ ಅದನ್ನೇ ಲೆಕ್ಕ ಹಾಕುತ್ತಿದ್ದೆ.

ಏಳನೆಯ ದಿನ, ಇಳಿಹೊತ್ತಿನ ಅಸರ್ ನಮಾಜಿನ ನಂತರ, ಹತ್ತಾಬ್ ಚಿಕ್ಕಪ್ಪನ ಮನೆಯ ಮಜ್ಲಿಸಿನಲ್ಲಿ ಎರಡು ಕಡೆಯವರೂ ಕೂತರು. ಲಫ್ತಾನ ಕಡೆಯಿಂದ ಅವನ ಅಣ್ಣ, ದೊಡ್ಡಪ್ಪನ ಮಕ್ಕಳು. ನಡುವೆ ತೀರ್ಪು ಹೇಳಲು ಮುದುಕ ಸಯ್ಯದ್ ತಾಲಿಬ್. ಕಹಿ ಕಾಫಿ ಸುರಿದರು. ನಮ್ಮ ಕಡೆಯವರು ಯಾರೂ ಬಟ್ಟಲು ಮುಟ್ಟಲಿಲ್ಲ. ಬೇಡಿಕೆ ಈಡೇರುವವರೆಗೆ ಮುಟ್ಟುವುದಿಲ್ಲ ಎಂದು ಅದರ ಅರ್ಥ.

ಚಿಕ್ಕಪ್ಪನ ಬೇಡಿಕೆ ಚಿಕ್ಕದಾಗಿತ್ತು. ನಮ್ಮ ಹುಡುಗಿ ಅವಳ ಗಂಡನ ಕೈಕೆಲಸದಿಂದ ಸತ್ತಳು, ಗೊತ್ತಿದ್ದವರು ಮಾಡಿಕೊಡುತ್ತೇವೆಂದರೂ ಕೇಳಲಿಲ್ಲ, ಇನ್ನು ಅವನ ಸೂರಿನ ಕೆಳಗೆ ನಮ್ಮ ಹುಡುಗಿಯ ಮಕ್ಕಳನ್ನು ಬಿಡಲಾರೆವು. ಇಬ್ಬರೂ ನಮ್ಮ ಮನೆಗೆ ಬರಬೇಕು, ಅವನು ಈ ಊರು ಬಿಡಬೇಕು. ಲಫ್ತಾನ ಅಣ್ಣ ಏನೋ ಹೇಳಲು ಹೊರಟ. ಲಫ್ತಾ ಅವನ ತೊಡೆಯ ಮೇಲೆ ಕೈಯಿಟ್ಟು ತಡೆದ. ಏಳು ದಿನಕ್ಕೆ ಗಡ್ಡ ಬೆಳೆದು ಮುಖವೇ ಗುರುತು ಸಿಗದಂತಾಗಿತ್ತು.

"ಸಯ್ಯದರೇ, ಅವರು ಹೇಳಿದ್ದು ಸರಿ," ಎಂದ. "ತಂತಿ ನಂದು, ಪೈಪ್ ನಂದು. ಬೇರೆ ಯಾರ ಕೈಯೂ ಅಲ್ಲಿಲ್ಲ. ಏನು ಹೇಳಿದ್ರೂ ಒಪ್ತೀನಿ."

ಹಲಗೆಯ ಮೇಲಿನ ನನ್ನ ಸಹಿಯ ಮಾತೇ ಎತ್ತಲಿಲ್ಲ. ಎತ್ತುತ್ತಾನೆ ಎಂದು ನಾನು ಉತ್ತರ ಕೂಡ ಹೊಂದಿಸಿಟ್ಟುಕೊಂಡು ಬಂದಿದ್ದೆ, ನಾನು ನೋಡಿದ ಮೇಲೆ ಅವನು ಏನೇನು ಬದಲಿಸಿದನೋ ನನಗೇನು ಗೊತ್ತು ಎಂದು. ಆಮೇಲೆ ಅವನು ನನ್ನ ಕಡೆ ತಿರುಗಿದ.

"ಒಂದೇ ಒಂದು ಕೇಳ್ತೀನಿ ದಾಖಿಲ್. ದಿನಾ ಆ ಮನೇನ ತಲೇಲಿ ಬಿಚ್ತೀನಿ. ಒಂದೊಂದೇ ತಂತಿ ಹಿಡ್ಕೊಂಡು ಬೋರ್ಡಿನಿಂದ ಕೊನೇವರೆಗೂ ಹೋಗ್ತೀನಿ. ತಪ್ಪು ಸಿಗ್ತಾ ಇಲ್ಲ. ನೀನು ತಿಳಿದೋನು. ಎಲ್ಲಿ ತಪ್ಪಿದೆ ಅಂತ ಹೇಳ್ಬಿಡು, ಸಾಕು. ಆಮೇಲೆ ಎಲ್ಲಿಗೆ ಕಳಿಸಿದ್ರೂ ಹೋಗ್ತೀನಿ."

ಅವನಿಗೆ ಗೊತ್ತಿರಲಿಲ್ಲ. ನನಗೆ ಆಘಾತವಾದದ್ದು ಆಗ. ಅವನಿಗೂ ಗೊತ್ತಿದೆ, ನನ್ನ ಹಾಗೆಯೇ ಬಚ್ಚಿಟ್ಟುಕೊಂಡಿದ್ದಾನೆ ಎಂದು ನಾನು ಏಳು ದಿನ ನಂಬಿದ್ದೆ. ಅವನು ಏಳು ದಿನ ತನ್ನ ಕೈಯನ್ನೇ ನಂಬಲಾರದೆ, ಕತ್ತಲ ಕೋಣೆಯಲ್ಲಿ ಸೂಜಿ ಹುಡುಕಿದ ಹಾಗೆ ಹುಡುಕುತ್ತಿದ್ದ. ಸೂಜಿ ನನ್ನ ಜೇಬಿನಲ್ಲಿತ್ತು.

ಸಯ್ಯದರು ನನ್ನನ್ನು ನೋಡಿದರು. ಚಿಕ್ಕಪ್ಪ ನೋಡಿದ. ಹೊಂದಿಸಿಟ್ಟುಕೊಂಡ ಉತ್ತರವನ್ನು ಕೈಬಿಟ್ಟೆ.

"ತಂತೀಲಿ ತಪ್ಪಿಲ್ಲ ಭಾವ," ಎಂದೆ. "ಹುಡುಕ್ಬೇಡ."

ಆಮೇಲೆ ಎಲ್ಲವನ್ನೂ ಹೇಳಿದೆ. ಕೂಲರಿನಿಂದ ಪೈಪಿಗೆ, ಪೈಪಿನಿಂದ ಮಣ್ಣಿಗೆ ಕರೆಂಟು ಹೋಗುವ ದಾರಿ ಹೇಳಿದೆ, ಪ್ಲಾಸ್ಟಿಕ್ ಪೈಪು ಅದನ್ನು ಹೇಗೆ ಕತ್ತರಿಸಿತು ಎಂದು ಹೇಳಿದೆ. ಈದಿನ ದಿನ ನಾನು ಅಂದದ್ದು, ಚಿಕ್ಕಪ್ಪ ನಕ್ಕದ್ದು, ಕಂಬ ಹತ್ತಿ ಫ್ಯೂಸ್ ಹಾಕಿದ್ದು, ಕಾಲಿನಿಂದ ಮಣ್ಣು ನೂಕಿದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಯಾರಾದರೂ ಎದ್ದು ಬಂದು ನನ್ನ ಕೆನ್ನೆಗೆ ಹೊಡೆಯಲಿ ಎಂದು ಕಾಯುತ್ತಿದ್ದೆ. ಯಾರೂ ಏಳಲಿಲ್ಲ. ಯಾರೂ ನನ್ನನ್ನು ನೋಡುತ್ತಲೂ ಇರಲಿಲ್ಲ. ಮಜ್ಲಿಸಿನಲ್ಲಿದ್ದ ಇಪ್ಪತ್ತು ಗಂಡಸರೂ ತಮ್ಮ ತಮ್ಮ ಮಂಡಿ ನೋಡಿಕೊಳ್ಳುತ್ತಿದ್ದರು. ಏನಾಗುತ್ತಿದೆ ಎಂದು ನನಗೆ ತಿಳಿಯಲೇ ಇಲ್ಲ.

ಮೂಲೆಯಲ್ಲಿದ್ದ ಲಫ್ತಾನ ದೊಡ್ಡಪ್ಪನ ಮಗ ಮೊದಲು ಬಾಯಿ ಬಿಟ್ಟ. "ನಮ್ಮನೇದೂ ಪ್ಲಾಸ್ಟಿಕ್ಕೇ," ಎಂದ, ಯಾರಿಗೂ ಅಲ್ಲ, ತನಗೆ ತಾನೇ. "ಕೂಲರ್ ತಂತೀನೂ ನಲ್ಲಿಗೇ ಕಟ್ಟಿದೀನಿ."

ಹತ್ತಾಬ್ ಚಿಕ್ಕಪ್ಪನ ಮೊಮ್ಮಗಳು ಹದಿನೈದು ದಿನದಿಂದ ಪಾತ್ರೆ ತೊಳೆಯಲು ಒಲ್ಲೆ ಎನ್ನುತ್ತಿದ್ದಳಂತೆ, ನಲ್ಲಿ ಚುಚ್ಚುತ್ತದೆ ಎಂದು ಅಳುತ್ತಿದ್ದಳಂತೆ. ಕೆಲಸಗಳ್ಳಿ ಎಂದು ಬೆಳಿಗ್ಗೆಯೇ ಬೈದು ಬಂದಿದ್ದ. ಅದನ್ನು ಅರ್ಧ ಹೇಳಿ ನಿಲ್ಲಿಸಿ, ಬಾಗಿಲಾಚೆ ಒಳಮನೆಯ ಕಡೆ ತಿರುಗಿ ಕೂಗಿದ, "ನಲ್ಲಿ ಮುಟ್ಬೇಡಿ. ಯಾರೂ ನಲ್ಲಿ ಮುಟ್ಬೇಡಿ." ಒಳಗಿನಿಂದ ಯಾರೂ ಉತ್ತರ ಕೊಡಲಿಲ್ಲ. ಎಪ್ಪತ್ತು ವರ್ಷದ ಮುದುಕ ಚಪ್ಪಲಿ ಬಿಟ್ಟು ಓಡಿದ. ನಾವೆಲ್ಲ ಕಿವಿಗೊಟ್ಟು ಕೂತೆವು. ಸ್ವಲ್ಪ ಹೊತ್ತಿಗೆ ಹುಡುಗಿಯ ದನಿ ಕೇಳಿಸಿತು, ಏನಾಯ್ತು ತಾತ, ಯಾಕೆ ಹೀಗೆ ಹಿಡ್ಕೊಂಡಿದೀಯಾ ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಮಜ್ಲಿಸಿನ ತುಂಬ ಫೋನುಗಳು ಹೊರಬಂದಿದ್ದವು. ಪ್ರತಿಯೊಬ್ಬನೂ ಹೆಂಡತಿಗೋ ಮಗಳಿಗೋ ಒಂದೇ ಮಾತು ಹೇಳುತ್ತಿದ್ದ.

ಚಿಕ್ಕಪ್ಪ ವಾಪಸು ಬಂದು ಲಫ್ತಾನ ಮುಂದೆ ನಿಂತ. "ಅಬೂ ಜಿನಾನ್, ಒಳಗೆ ಬಾ. ನಮ್ಮನೇದು ನೋಡು," ಎಂದ, ಜಿನಾನಳ ಅಪ್ಪ ಎಂದು ಮರ್ಯಾದೆ ಕೊಟ್ಟು ಕರೆದು. ಸಯ್ಯದ್ ತಾಲಿಬ್ ಕೋಲು ಊರಿ ಎದ್ದು, ಮಕ್ಕಳು ತಂದೆಯ ಹತ್ತಿರವೇ ಇರುತ್ತಾರೆ, ಈ ಮಾತು ಇಲ್ಲಿಗೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ ಮೊದಲು ಆ ತಂತಿ ಬಿಚ್ಚಿ ಎಂದರು. ಜನ ಚಪ್ಪಲಿಗೆ ತಡಕಾಡುತ್ತ ಹೊರಬಿದ್ದರು.

ಲಫ್ತಾ ಚಿಕ್ಕಪ್ಪನ ಹಿಂದೆ ಹೊರಟವನು ನನ್ನ ಹತ್ತಿರ ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವನ ಕಣ್ಣಲ್ಲಿ ಸಿಟ್ಟು ಕಾಣಲಿಲ್ಲ, ಬಿಚ್ಚಿದ ಸ್ಟೌವಿನ ಒಳಗೆ ಇಣುಕುವಾಗಿನ ನೋಟವೇ ಇತ್ತು.

"ಪೈಪ್ ವಿಷಯ ನಿಂಗೆ ಯಾವತ್ತು ಗೊತ್ತಾಯ್ತು?" ಎಂದು ಕೇಳಿದ.

"ಅವತ್ತೇ."

"ಏಳು ದಿನ ಆಯ್ತಲ್ಲ ದಾಖಿಲ್," ಎಂದ. "ಈ ಊರಲ್ಲಿ ಎಲ್ರೂ ದಿನಕ್ಕೆ ಐದು ಸಲ ನಲ್ಲಿ ಹಿಡೀತಾರೆ."

ಅಷ್ಟು ಹೇಳಿ ಒಳಗೆ ಹೋದ. ನಾನು ಖಾಲಿ ಮಜ್ಲಿಸಿನಲ್ಲಿ ನಿಂತು ಆ ಲೆಕ್ಕ ಹಾಕಲು ನೋಡಿದೆ, ಆಗಲಿಲ್ಲ. ನನ್ನ ಮನೆಯದೂ ಪ್ಲಾಸ್ಟಿಕ್ ಪೈಪು, ನನ್ನ ಕೂಲರಿನ ತಂತಿಯೂ ನಲ್ಲಿಗೇ ಸುತ್ತಿದೆ ಎನ್ನುವುದು ನನಗೆ ನೆನಪಾದದ್ದು ಆಗಲೇ. ನಾನು ಬೀದಿಗಿಳಿದು ಓಡಿದೆ.